27ಕ್ಕೆ ಮತ್ತೆ ‘ಎ’

ಬೀದರ್ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರೈಲ್ವೆ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಅಷ್ಟೇ. ಕೋಚಿಂಗ್ ಅಮೀರ್‌ಪೇಟೆಯಲ್ಲಿದ್ದು ರೂಮು ಉಪ್ಪಲ್‌ನಲ್ಲಿ ಸಿಕ್ಕರೂ ಚಿಂತೆಯಿಲ್ಲ. 2017ರ ನವೆಂಬರ್‌ನಿಂದ ಎರಡಕ್ಕೂ ಒಂದೇ ಮೆಟ್ರೊ. ಉಪ್ಪಲ್, ಸ್ಟೇಡಿಯಂ, ಎನ್‌ಜಿಆರ್‌ಐ, ಹಬ್ಸಿಗುಡ, ತಾರ್ನಾಕ ದಾಟುವಷ್ಟರಲ್ಲಿ ಅಕ್ಷರ ಸರಣಿಯ ನಾಲ್ಕಾರು ಲೆಕ್ಕ ಬಿಡಿಸಬಹುದು, ಕೂರಲು ಜಾಗ ಸಿಕ್ಕರೆ.

ಇದೊಂದನ್ನು ನೋಡಿ: ಬಿ, ಇ, ಐ, ಎನ್, ಟಿ. ಮುಂದೇನು? ಬರೀ ಅಕ್ಷರ ದಿಟ್ಟಿಸುತ್ತ ಕೂತರೆ ಏನೂ ಹೊಳೆಯದು. ಕೆಳಗೆ ಅವುಗಳ ಸ್ಥಾನ ಬರೆಯಿರಿ: 2, 5, 9, 14, 20. ಅಂತರ 3, 4, 5, 6. ಮುಂದಿನದು 7 ಆಗಬೇಕು. 20ಕ್ಕೆ 7 ಕೂಡಿದರೆ 27. ಆದರೆ ಅಕ್ಷರ ಇರುವುದೇ 26! ಗಾಬರಿಯಾದವರು ‘ಜೆಡ್’ ಒತ್ತಿ ಮುಂದೆ ಹೋಗುತ್ತಾರೆ. ಜೆಡ್ ಮುಗಿದರೆ ಮತ್ತೆ ಎ. 27ರಲ್ಲಿ 26 ಕಳೆದರೆ 1. ಉತ್ತರ ‘ಎ’.

ಬುದ್ಧಿಮತ್ತೆ ಎಂಬ ಹಣೆಪಟ್ಟಿ ಹೊತ್ತಿದ್ದರೂ ಇದು ಕೂಡಿಸುವ, ಕಳೆಯುವ ಲೆಕ್ಕವೇ. ಬಾಯಿಪಾಠ ಬೇಕಾದ್ದು ಸ್ಥಾನಗಳು. ಅದಕ್ಕೇ ಕೋಚಿಂಗ್‌ನವರ ‘ಇಜೊಟಿ’: ಇ, ಜೆ, ಒ, ಟಿ, ವೈ ಅಂದರೆ 5, 10, 15, 20, 25. ಆರ್ ಎಷ್ಟನೆಯದು? ಟಿಯಿಂದ ಎರಡು ಹಿಂದೆ, 18. ಕೊನೆಯಿಂದ ಎಣಿಸಬೇಕಾದರೆ 27ರಲ್ಲಿ ಕಳೆಯಿರಿ, 9. ರೈಲ್ವೆಯ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ತಲಾ 54 ಸೆಕೆಂಡು. ತಪ್ಪಿದರೆ ಮೂರನೇ ಒಂದು ಅಂಕ ಖೋತಾ. ಬೆರಳೆಣಿಸುತ್ತ ಕೂತರೆ ಆಗುವ ಕೆಲಸವಲ್ಲ.

2024ರಲ್ಲಿ ಕೇಂದ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಿತು. ಪ್ರಶ್ನೆ ಕನ್ನಡದಲ್ಲಿ ಬಂದರೂ ಸರಣಿ ಮಾತ್ರ ಇಂಗ್ಲಿಷಿನದೇ. ನನಗೆ ಇದರಲ್ಲಿ ಕೊಂಚ ಹೊಟ್ಟೆಯುರಿ. ಎ ಆದ ಮೇಲೆ ಬಿ ಏಕೆ ಬರಬೇಕು ಎಂಬುದಕ್ಕೆ ಉಚ್ಚಾರಣೆಯಲ್ಲಿ ಕಾರಣವೇ ಇಲ್ಲ. ನಮ್ಮ ವರ್ಗೀಯ ವ್ಯಂಜನಗಳೋ ಐದು ಸಾಲು, ಐದು ಕಂಬಗಳಲ್ಲಿ ಅಚ್ಚುಕಟ್ಟಾಗಿ ಕೂತಿವೆ. ಕ, ಛ, ಡ, ಧ ಆದ ಮೇಲೆ? ಸಾಲಿಗೊಂದು ಹೆಜ್ಜೆ ಓರೆಯಾಗಿ ಇಳಿದರೆ ‘ಮ’. ಅಕ್ಷರಕ್ಕೆ ಅಂಕಿ ಕೊಡುವುದೂ ಇಲ್ಲಿ ಹೊಸತಲ್ಲ. ಕಟಪಯಾದಿ ಪದ್ಧತಿಯಲ್ಲಿ ಮ 5, ಚ 6. ತಿರುವಿ ಓದಿದರೆ ಮೇಚಕಲ್ಯಾಣಿ ಕರ್ನಾಟಕ ಸಂಗೀತದ 65ನೇ ಮೇಳರಾಗ.

ಆದರೆ ತಮಿಳಿನ ಕ-ವರ್ಗದಲ್ಲಿ ಖ, ಗ, ಘ ಇಲ್ಲ. ಉರ್ದುವಿನ ಅಕ್ಷರಮಾಲೆಯ ಜೋಡಣೆಯೇ ಬೇರೆ. ಎಲ್ಲ ಭಾಷೆಯವರಿಗೂ ಒಂದೇ ಉತ್ತರ ಬೇಕೆಂದರೆ ಇಂಗ್ಲಿಷಿನ 26 ಅಕ್ಷರಗಳಿಗೇ ಜೋತುಬೀಳಬೇಕು. ಹೀಗಾಗಿ ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೂ ಇಜೊಟಿ ತಪ್ಪಿದ್ದಲ್ಲ.