ಹಿಮದ ಅಂಗಣದಲ್ಲಿ ಪೆಂಬ್ರೋಕ್‌ನ ಹುಡುಗಿಯರು

ಐಸ್ ಹಾಕಿ ಆಡುವವರ ಉಡುಪು ಒಂದು ಬಗೆಯ ಕವಚವೇ ಸರಿ. ಭುಜಕ್ಕೆ, ಮೊಣಕೈಗೆ, ಮೊಣಕಾಲಿಗೆ ದಪ್ಪನೆಯ ಮೆತ್ತೆಗಳು. ಅವುಗಳ ಮೇಲೆ ದೊಗಳೆ ಜೆರ್ಸಿ. ಕೈಗೆ ಭಾರಿ ಗವಸು. ಕಾಲಿಗೆ ಉಕ್ಕಿನ ಅಲಗು ಕೂಡಿಸಿದ ಬೂಟು. ಇಷ್ಟೆಲ್ಲ ತೊಟ್ಟು ನಿಂತವರು ಗಂಡೋ ಹೆಣ್ಣೋ ಎಂದು ದೂರದಿಂದ ಹೇಳುವುದು ಕಷ್ಟ. 1964ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ನ್ಯಾನ್ಸಿ ಶೀಫ್‌ಲಿನ್ ಎಂಬ ವಿದ್ಯಾರ್ಥಿನಿ ಇದರ ಪ್ರಯೋಜನ ಪಡೆದಳು. ಬ್ರೌನ್ ವಿಶ್ವವಿದ್ಯಾಲಯದ ಹುಡುಗರ ತಂಡದ ಅಭ್ಯಾಸಕ್ಕೆ ಪೂರ್ಣ ಪೋಷಾಕಿನಲ್ಲಿ ಗುರುತು ಮರೆಸಿಕೊಂಡು ಹೋಗಿ, ಅವರೊಡನೆ ಮಂಜುಗಡ್ಡೆಯ ಮೇಲೆ ಇಳಿದಳು. ಆಟ ಅವಳಿಗೆ ಹೊಸದಾಗಿರಲಿಲ್ಲ. ಮೊದಲೇ ಪಳಗಿದ ಕೈ. ಆಡುವ ಸಾಮರ್ಥ್ಯವಿತ್ತು, ಆಡಲು ತಂಡವೊಂದಿರಲಿಲ್ಲ.

ಅಲ್ಲಿಂದ ಹುಟ್ಟಿಕೊಂಡದ್ದೇ ‘ಪೆಂಬ್ರೋಕ್ ಪಾಂಡಾಸ್’. ಅಮೆರಿಕದ ಮೊದಲ ಕಾಲೇಜು ಮಹಿಳಾ ಐಸ್ ಹಾಕಿ ತಂಡವೆಂದು ಇಂದು ಇದನ್ನು ಗುರುತಿಸುತ್ತಾರೆ. ಆದರೆ ಈ ತಂಡದ ಕಥೆ ಆಟದ ಗೆಲುವು ಸೋಲುಗಳಿಗೆ ಮುಗಿಯುವುದಿಲ್ಲ. ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಕಡಿಮೆ ಎಂಬುದರಿಂದ ಅವರಿಗೆ ಅವಕಾಶ ಕಡಿಮೆಯೋ, ಅಥವಾ ಅವಕಾಶ ಕಡಿಮೆ ಇದ್ದುದರಿಂದ ಆಸಕ್ತಿ ಕಡಿಮೆಯಾಗಿ ಕಂಡಿತೋ? ಇದೇ ಆವರಣದಿಂದ ಹೊರಟ ಈ ಪ್ರಶ್ನೆ ಮೂರು ದಶಕಗಳ ನಂತರ ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿತು.

ಪಕ್ಕದ ಮನೆಯ ಕಾಲೇಜು

ಬ್ರೌನ್ ಅಮೆರಿಕದ ಹಳೆಯ ವಿದ್ಯಾಸಂಸ್ಥೆಗಳಲ್ಲೊಂದು. ಆ ದೇಶ ಸ್ವತಂತ್ರವಾಗುವುದಕ್ಕೂ ಮೊದಲೇ, 1764ರಲ್ಲಿ, ರೋಡ್ ಐಲೆಂಡ್ ಎಂಬ ಪುಟ್ಟ ವಸಾಹತಿನಲ್ಲಿ ಸ್ಥಾಪನೆಯಾಯಿತು. 1770ರಲ್ಲಿ ಪ್ರಾವಿಡೆನ್ಸ್‌ನ ಗುಡ್ಡದ ಮೇಲಿನ ಇಂದಿನ ನೆಲೆಗೆ ಬಂತು. ನೂರಿಪ್ಪತ್ತೇಳು ವರ್ಷಗಳ ಕಾಲ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. 1891ರಲ್ಲಿ ಪ್ರವೇಶ ಸಿಕ್ಕಾಗಲೂ ಅವರಿಗೆಂದು ಬೇರೆಯೇ ಒಂದು ಮಹಿಳಾ ಕಾಲೇಜು ತೆರೆಯಲಾಯಿತು. 1928ರಲ್ಲಿ ಅದಕ್ಕೆ ಪೆಂಬ್ರೋಕ್ ಕಾಲೇಜು ಎಂಬ ಹೆಸರಾಯಿತು.

ಪೆಂಬ್ರೋಕ್‌ಗೆ ತನ್ನದೇ ಕಟ್ಟಡ ಬೇಕಾದಾಗ ಊರಿನ ಹೆಂಗಸರು ಸಂಘ ಕಟ್ಟಿ ಹಣ ಕೂಡಿಸಿದರು. ಸಾರಾ ಡಾಯ್ಲ್ ಎಂಬ ಶಿಕ್ಷಕಿ ಆ ಕೆಲಸದ ಮುಂದಾಳು. ಹೀಗೆ 1897ರಲ್ಲಿ ಎದ್ದು ನಿಂತ ಪೆಂಬ್ರೋಕ್ ಹಾಲ್ ಇಂದಿಗೂ ಇದೆ. ಹತ್ತು ವರ್ಷಗಳ ಬಳಿಕ ಹುಡುಗಿಯರಿಗೆಂದು ವ್ಯಾಯಾಮಶಾಲೆಯೂ ಬಂತು. ಎರಡೂ ಕಾಲೇಜುಗಳ ನಡುವಿನ ದಾರಿ ಕೆಲವೇ ನಿಮಿಷಗಳ ನಡಿಗೆಯದು. ಆದರೂ ಅವು ಅಕ್ಕಪಕ್ಕದ ಎರಡು ಮನೆಗಳಂತೆ ಇದ್ದವು. ಒಂದರಲ್ಲಿದ್ದುದು ಇನ್ನೊಂದಕ್ಕೆ ತಾನಾಗಿ ಸಲ್ಲುತ್ತಿರಲಿಲ್ಲ. 1971ರಲ್ಲಿ ಪೆಂಬ್ರೋಕ್ ಬ್ರೌನ್‌ನಲ್ಲಿ ವಿಲೀನಗೊಂಡ ಮೇಲೆಯೇ ಈ ಗೋಡೆ ಬಿದ್ದದ್ದು.

ಬ್ರೌನ್ ತಂಡಗಳ ಲಾಂಛನ ಕರಡಿ. ಪೆಂಬ್ರೋಕ್‌ನ ಹುಡುಗಿಯರು ತಮ್ಮ ಹಾಕಿ ತಂಡಕ್ಕೆ ‘ಪಾಂಡಾ’ ಎಂದು ಹೆಸರಿಟ್ಟುಕೊಂಡರು. ಅದೇ ವಂಶದ ಪ್ರಾಣಿ, ಬಣ್ಣ ಬೇರೆ!

ಗಂಟೆಗಳ ಲೆಕ್ಕ

ಹುಲ್ಲಿನ ಮೈದಾನದ ಹಾಕಿ ಬಲ್ಲವರಿಗೆ ಐಸ್ ಹಾಕಿಯ ಮೂಲತತ್ತ್ವ ಹೊಸದಲ್ಲ: ಬಾಗಿದ ಕೋಲು, ಎರಡು ಗೋಲು. ಉಳಿದದ್ದೆಲ್ಲ ಬೇರೆ. ಚೆಂಡಿನ ಬದಲು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದರ ಹೆಸರು ಪಕ್. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರೇ ಮಂದಿ. ತಲಾ 20 ನಿಮಿಷಗಳ ಮೂರು ಅವಧಿ. ಸ್ಕೇಟುಗಳ ಮೇಲೆ ಪೂರ್ಣ ವೇಗದಲ್ಲಿ ಓಡುವವರು ಒಂದು ನಿಮಿಷದೊಳಗೇ ದಣಿಯುವುದರಿಂದ ಆಟ ನಡೆಯುತ್ತಿರುವಾಗಲೇ ಒಂದು ಗುಂಪು ಹೊರಬಂದು ಇನ್ನೊಂದು ಗುಂಪು ಒಳನುಗ್ಗುತ್ತದೆ. ಮಹಿಳೆಯರ ಆಟದಲ್ಲಿ ಪುರುಷರ ಆಟದಂತೆ ಮೈಯಿಂದ ಗುದ್ದಿ ಎದುರಾಳಿಯನ್ನು ಕೆಡವಲು ನಿಯಮ ಬಿಡುವುದಿಲ್ಲ. ಹಾಗಾಗಿ ಸ್ಕೇಟಿಂಗ್‌ನ ಚುರುಕು ಮತ್ತು ಪಾಸ್‌ಗಳ ನಿಖರತೆಗೆ ಅಲ್ಲಿ ಹೆಚ್ಚು ಬೆಲೆ.

ಆದರೆ ಈ ಆಟದ ಅತಿ ದುಬಾರಿ ಸಾಮಗ್ರಿ ಕೋಲೂ ಅಲ್ಲ, ಸ್ಕೇಟೂ ಅಲ್ಲ, ನೆಲ. ಅಮೆರಿಕದ ರಿಂಕ್ ಎಂದರೆ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಹಾಸು. ಕಾಂಕ್ರೀಟ್ ನೆಲದೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಶೂನ್ಯಕ್ಕಿಂತ ಕೆಳಗಿನ ತಾಪಮಾನದ ದ್ರವವನ್ನು ಸದಾ ಹರಿಸುತ್ತಿರಬೇಕು. ಅದರ ಮೇಲೆ ತೆಳುತೆಳುವಾಗಿ ನೀರು ಹನಿಸಿ ಪದರ ಪದರವಾಗಿ ಹೆಪ್ಪುಗಟ್ಟಿಸಿದರೆ ಸುಮಾರು ಒಂದು ಅಂಗುಲದ ಗಡ್ಡೆ ಸಿದ್ಧ. ಸ್ಕೇಟಿನ ಅಲಗು ಅದನ್ನು ಕೆರೆಯುತ್ತಲೇ ಇರುವುದರಿಂದ ಆಗಾಗ ಯಂತ್ರ ಓಡಿಸಿ ಮೇಲ್ಮೈ ನಯಗೊಳಿಸಬೇಕು. ಓಡಲು ಒಂದು ಬೀದಿ ಸಾಕು, ಚೆಂಡಾಟಕ್ಕೆ ಒಂದು ಬಯಲು ಸಾಕು. ಐಸ್ ಹಾಕಿಗೆ ಇಷ್ಟೆಲ್ಲ ಬೇಕು. ಕೆರೆ ಹೆಪ್ಪುಗಟ್ಟುವ ನಾಡಿನಲ್ಲೂ ಅದು ಚಳಿಗಾಲದ ಕೆಲವು ವಾರಗಳ ಭಾಗ್ಯ ಮಾತ್ರ.

ಬ್ರೌನ್‌ನಲ್ಲಿ ಅಂಥ ರಿಂಕ್ ಒಂದೇ ಇತ್ತು: 1961ರಲ್ಲಿ ತೆರೆದ, ಸುಮಾರು ಮೂರು ಸಾವಿರ ಆಸನಗಳ ಮೀಹನ್ ಆಡಿಟೋರಿಯಂ. ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಅದರಲ್ಲಿ ಸಂಜೆಯ ಒಳ್ಳೆಯ ಹೊತ್ತು ಯಾರಿಗೆ, ಉಳಿದದ್ದು ಯಾರಿಗೆ? ಸಮಾನತೆ ಎಂಬ ದೊಡ್ಡ ಪದ ಇಲ್ಲಿ ಗೋಡೆಗೆ ಅಂಟಿಸಿದ ಒಂದು ವೇಳಾಪಟ್ಟಿಯಾಗಿ ಇಳಿದುಬಿಡುತ್ತದೆ. ಪಾಂಡಾಗಳು ಆಟದ ಸಾಮಗ್ರಿಯನ್ನೂ ಎರವಲು ಪಡೆಯಬೇಕಿತ್ತು, ರಿಂಕಿನ ಹೊತ್ತಿಗೂ ಹಣ ಹೊಂದಿಸಬೇಕಿತ್ತು.

ಇನ್ನೊಂದು ತೊಡಕೂ ಇತ್ತು. ದೇಶದ ಮೊದಲ ತಂಡ ಎಂದರೆ ಎದುರಾಳಿಯೇ ಇಲ್ಲದ ತಂಡ. 1966ರಲ್ಲಿ ಅವರಿಗೆ ಸಿಕ್ಕ ಎದುರಾಳಿ ಮತ್ತೊಂದು ಕಾಲೇಜಲ್ಲ, ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ‘ವಾಲ್‌ಪೋಲ್ ಬ್ರೂಮ್ಸ್’. ಬ್ರೂಮ್ ಎಂದರೆ ಕಸಪೊರಕೆ. ಹಾಕಿ ಆಡುವ ಹುಡುಗರ ತಾಯಂದಿರು ಕಟ್ಟಿಕೊಂಡ ತಂಡವದು. ಮಕ್ಕಳನ್ನು ಆಟಕ್ಕೆ ಕರೆತಂದು ಹೊರಗೆ ಕಾದು ಕುಳಿತವರಲ್ಲೂ ಆಡುವ ಆಸೆ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಟದ ಹೆಸರೇ ಇಲ್ಲದ ಕಾನೂನು

1972ರ ಜೂನ್ 23ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಮಸೂದೆಗೆ ಸಹಿ ಹಾಕಿದರು. ಅದರ ಒಂಬತ್ತನೆಯ ಭಾಗವೇ ಮುಂದೆ ‘ಟೈಟಲ್ ನೈನ್’ ಎಂದು ಹೆಸರಾಯಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವುದೇ ಶಿಕ್ಷಣ ಕಾರ್ಯಕ್ರಮದಲ್ಲಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬುದು ಅದರ ಸಾರ. ಆಟೋಟದ ಮಾತೇ ಅದರ ಮೂಲ ವಾಕ್ಯದಲ್ಲಿಲ್ಲ. ಅದನ್ನು ಮುಂದಿಟ್ಟ ಈಡಿತ್ ಗ್ರೀನ್, ಪ್ಯಾಟ್ಸಿ ಮಿಂಕ್, ಬರ್ಚ್ ಬೇ ಮೊದಲಾದ ಜನಪ್ರತಿನಿಧಿಗಳ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದುದು ಕಾಲೇಜು ಪ್ರವೇಶ ಮತ್ತು ಉದ್ಯೋಗ. ಆದರೆ ಕಾಲೇಜಿನ ಆಟದ ಮೈದಾನವೂ ಶಿಕ್ಷಣದ ಭಾಗವೇ ಆದ್ದರಿಂದ ಕಾನೂನು ಅಲ್ಲಿಗೂ ಹೊಕ್ಕಿತು.

1979ರಲ್ಲಿ ಸರ್ಕಾರ ಇದಕ್ಕೆ ಮೂರು ಒರೆಗಲ್ಲುಗಳನ್ನು ಸೂಚಿಸಿತು. ಒಂದು, ಆಟಗಾರರಲ್ಲಿ ಹೆಣ್ಣು ಗಂಡಿನ ಪ್ರಮಾಣ ವಿದ್ಯಾರ್ಥಿಗಳ ಪ್ರಮಾಣಕ್ಕೆ ಹತ್ತಿರವಿರಬೇಕು. ಎರಡು, ಹಾಗಿಲ್ಲದಿದ್ದರೆ ಕಡಿಮೆ ಇರುವವರ ಅವಕಾಶಗಳನ್ನು ಸಂಸ್ಥೆ ನಿರಂತರ ಹೆಚ್ಚಿಸುತ್ತ ಬಂದಿರಬೇಕು. ಮೂರು, ಅದೂ ಇಲ್ಲವಾದರೆ ಅವರ ಆಸಕ್ತಿ, ಸಾಮರ್ಥ್ಯಗಳಿಗೆ ಪೂರ್ಣ ಅವಕಾಶ ಕೊಟ್ಟಿರುವುದಾಗಿ ತೋರಿಸಬೇಕು. ಮೂರರಲ್ಲಿ ಒಂದನ್ನು ದಾಟಿದರೂ ಸಾಕು.

ಬ್ರೌನ್ ಈ ದಾರಿಯಲ್ಲಿ ಹಿಂದೆ ಬಿದ್ದಿರಲಿಲ್ಲ. 1971ರಿಂದ 1977ರ ನಡುವೆ ಮಹಿಳೆಯರ ಹದಿನಾಲ್ಕು ತಂಡಗಳನ್ನು ಅದು ಕಟ್ಟಿತು. ಬೇರೆಷ್ಟೋ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ಅದು ದೊಡ್ಡ ಸಂಖ್ಯೆ. ಆದರೆ ಮುಂದಿನ ಒಂದೂವರೆ ದಶಕದಲ್ಲಿ ಸೇರಿದ್ದು ಒಂದೇ ಒಂದು ತಂಡ. 1991ರಲ್ಲಿ ಹಣದ ಮುಗ್ಗಟ್ಟು ಬಂದಾಗ ನಾಲ್ಕು ತಂಡಗಳಿಗೆ ವಿಶ್ವವಿದ್ಯಾಲಯದ ನೆರವು ನಿಂತಿತು: ಮಹಿಳೆಯರ ಜಿಮ್ನಾಸ್ಟಿಕ್ಸ್ ಮತ್ತು ವಾಲಿಬಾಲ್, ಪುರುಷರ ಗಾಲ್ಫ್ ಮತ್ತು ವಾಟರ್ ಪೋಲೊ. ಎರಡಕ್ಕೆ ಎರಡು, ನ್ಯಾಯವಾಗಿಯೇ ಕಾಣುತ್ತದೆ. ಆದರೆ ಉಳಿತಾಯವಾಗಲಿದ್ದ ವರ್ಷಕ್ಕೆ ಸುಮಾರು 78 ಸಾವಿರ ಡಾಲರ್‌ನಲ್ಲಿ 62 ಸಾವಿರದಷ್ಟು ಮಹಿಳೆಯರ ತಂಡಗಳದ್ದಾಗಿತ್ತು.

ಜಿಮ್ನಾಸ್ಟಿಕ್ಸ್ ತಂಡದ ಏಮಿ ಕೋಹೆನ್ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋದರು. ವಿಚಾರಣೆಯಲ್ಲಿ ಹೊರಬಂದ ಲೆಕ್ಕ ಹೀಗಿತ್ತು: 1993–94ರಲ್ಲಿ ಬ್ರೌನ್‌ನ ಪದವಿ ವಿದ್ಯಾರ್ಥಿಗಳಲ್ಲಿ ಮಹಿಳೆಯರು ಶೇ. 51, ಅಂತರಕಾಲೇಜು ಆಟಗಾರರಲ್ಲಿ ಶೇ. 38. ವಿಶ್ವವಿದ್ಯಾಲಯದ ವಾದ ಸರಳವಾಗಿತ್ತು: ಆಟದಲ್ಲಿ ಹುಡುಗಿಯರ ಆಸಕ್ತಿ ಹುಡುಗರಷ್ಟಿಲ್ಲ, ಆಸಕ್ತಿ ಇದ್ದಷ್ಟು ಅವಕಾಶ ಕೊಟ್ಟರೆ ಸಾಕಲ್ಲವೇ?

ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಆಸಕ್ತಿ ಎಂಬುದು ಶೂನ್ಯದಲ್ಲಿ ಹುಟ್ಟುವುದಿಲ್ಲ. ಅವಕಾಶ ಮತ್ತು ಅನುಭವಗಳಿಂದ ಬೆಳೆಯುತ್ತದೆ ಎಂಬುದು 1996ರ ತೀರ್ಪಿನ ತಿರುಳು. ತೀರ್ಪು ಸರ್ವಾನುಮತದ್ದಾಗಿರಲಿಲ್ಲ, ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಭಿನ್ನಮತ ಬರೆದರು. 1997ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. 1998ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು.

ಅದೇ ವರ್ಷ, ನಾಗಾನೊದಲ್ಲಿ

ಆ ತೀರ್ಪಿನ ಮಾತಿಗೆ ಐಸ್ ಹಾಕಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ರಿಂಕನ್ನೇ ಕಾಣದ ಹುಡುಗಿ ನನಗೆ ಐಸ್ ಹಾಕಿಯಲ್ಲಿ ಆಸಕ್ತಿ ಇದೆ ಎಂದು ಅರ್ಜಿ ಬರೆಯಲಾರಳು. ಅವಕಾಶ ಸಿಕ್ಕಲ್ಲಿ ಏನಾಗುತ್ತದೆ ಎಂಬುದಕ್ಕೆ 1998ರ ಫೆಬ್ರವರಿ 17 ಸಾಕ್ಷಿ. ಜಪಾನಿನ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿ ಮೊದಲ ಬಾರಿಗೆ ಸೇರಿತ್ತು. ಫೈನಲ್‌ನಲ್ಲಿ ಅಮೆರಿಕ 3–1ರಿಂದ ಕೆನಡಾವನ್ನು ಸೋಲಿಸಿ ಚಿನ್ನ ಗೆದ್ದಿತು. ಗೆದ್ದ ತಂಡದಲ್ಲಿ ಬ್ರೌನ್‌ನ ಕೇಟಿ ಕಿಂಗ್ ಮತ್ತು ಟಾರಾ ಮೌನ್ಸಿ ಇದ್ದರು. ಸೋತ ತಂಡದಲ್ಲಿ ಬ್ರೌನ್‌ನದೇ ಬೆಕಿ ಕೆಲ್ಲರ್. ಮೌನ್ಸಿ ಹೈಸ್ಕೂಲಿನಲ್ಲಿ ಹುಡುಗರ ತಂಡದಲ್ಲೇ ಆಡಿ ಬೆಳೆದವರು. ಆದರೆ ಅವರು ನ್ಯಾನ್ಸಿ ಶೀಫ್‌ಲಿನ್‌ಳಂತೆ ಗುರುತು ಮರೆಸಿಕೊಳ್ಳಬೇಕಾಗಿರಲಿಲ್ಲ.

1989ರಿಂದ 2011ರವರೆಗೆ ಬ್ರೌನ್ ಮಹಿಳಾ ತಂಡದ ತರಬೇತುದಾರರಾಗಿದ್ದವರು ಡಿಜಿಟ್ ಮರ್ಫಿ. ಅವರ ಕಾಲದಲ್ಲಿ ತಂಡ 1998, 2000 ಮತ್ತು 2002ರಲ್ಲಿ ರಾಷ್ಟ್ರೀಯ ಫೈನಲ್ ತಲುಪಿತು. ಮೂರು ಬಾರಿಯೂ ಸೋತಿತು. ದಾರಿ ಕಡಿದವರಿಗೇ ಗುರಿಯ ಫಲ ಸಿಗಬೇಕೆಂಬ ನಿಯಮವೇನೂ ಇಲ್ಲ. ದೇಶದಾದ್ಯಂತ ಮಾತ್ರ ಆಟ ಹಬ್ಬಿತು. 1990–91ರಲ್ಲಿ ಅಮೆರಿಕದ ಐಸ್ ಹಾಕಿ ಸಂಸ್ಥೆಯಲ್ಲಿ ನೋಂದಾಯಿಸಿದ ಆಟಗಾರ್ತಿಯರು ಆರು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. 2018–19ರ ಹೊತ್ತಿಗೆ ಆ ಸಂಖ್ಯೆ 80 ಸಾವಿರ ದಾಟಿತ್ತು. ಇಷ್ಟು ಆಸಕ್ತಿ ಅದುವರೆಗೆ ಎಲ್ಲಿ ಅಡಗಿತ್ತು?

ಮುಗಿಯದ ಲೆಕ್ಕ

ಹಾಗೆಂದು ಈ ಕಾನೂನಿಗೆ ಟೀಕೆಗಳಿಲ್ಲವೆಂದಲ್ಲ. ಪ್ರಮಾಣ ಸರಿದೂಗಿಸಲು ಕೆಲವು ವಿಶ್ವವಿದ್ಯಾಲಯಗಳು ಹುಡುಗಿಯರಿಗೆ ಹೊಸ ತಂಡ ಕಟ್ಟುವ ಬದಲು ಹುಡುಗರ ಕುಸ್ತಿ, ಜಿಮ್ನಾಸ್ಟಿಕ್ಸ್ ತಂಡಗಳನ್ನೇ ಮುಚ್ಚಿದವು. ಸಮಾನತೆಯ ಹೆಸರಿನಲ್ಲಿ ಇದು ಮೀಸಲಾತಿಯೇ ಎಂಬ ಆಕ್ಷೇಪ ಬಂತು. ನೂರರಷ್ಟು ಆಟಗಾರರನ್ನು ಇಟ್ಟುಕೊಳ್ಳುವ ಅಮೆರಿಕನ್ ಫುಟ್‌ಬಾಲ್ ತಂಡಗಳ ಗೊಡವೆಗೆ ಯಾರೂ ಹೋಗುವುದಿಲ್ಲವೇಕೆ ಎಂಬುದು ಇನ್ನೊಂದು ಕಡೆಯ ಮರುಪ್ರಶ್ನೆ. ಎರಡರಲ್ಲೂ ಹುರುಳಿದೆ.

ಬ್ರೌನ್‌ನಲ್ಲೂ ವಿವಾದ ಮತ್ತೆ ತಲೆಯೆತ್ತಿತು. 2020ರ ಮೇ ತಿಂಗಳಲ್ಲಿ ಹನ್ನೊಂದು ತಂಡಗಳ ಸ್ಥಾನವನ್ನು ಇಳಿಸುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಹಳೆಯ ಒಪ್ಪಂದವನ್ನು ಹಿಡಿದು ವಿದ್ಯಾರ್ಥಿನಿಯರ ಪರ ವಕೀಲರು ಪುನಃ ನ್ಯಾಯಾಲಯಕ್ಕೆ ಹೋದರು. ಮಹಿಳೆಯರ ಕುದುರೆ ಸವಾರಿ ಮತ್ತು ಕತ್ತಿವರಸೆ ತಂಡಗಳು ಮರಳಿದವು. ಅದಕ್ಕೆ ಪ್ರತಿಯಾಗಿ 1998ರ ಒಪ್ಪಂದ 2024ರ ಆಗಸ್ಟ್‌ನಲ್ಲಿ ಕೊನೆಗೊಳ್ಳುವುದೆಂದು ತೀರ್ಮಾನವಾಯಿತು. ಈಗ ಆ ಕಾವಲು ಇಲ್ಲ, ಕಾನೂನು ಇದೆ.

ಈ ಪ್ರಶ್ನೆ ಅಮೆರಿಕಕ್ಕೇ ಸೀಮಿತವೂ ಅಲ್ಲ. ಭಾರತದ ಮಹಿಳಾ ಐಸ್ ಹಾಕಿ ತಂಡದ ಬಹುಪಾಲು ಆಟಗಾರ್ತಿಯರು ಲಡಾಖಿನವರು. ಕೆರೆಕುಂಟೆಗಳು ಹೆಪ್ಪುಗಟ್ಟುವ ಚಳಿಗಾಲದ ವಾರಗಳಲ್ಲಿ ಆಟ ಕಲಿತವರು. ಅವರ ತಂಡ 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿತು, 2025ರಲ್ಲಿ ಏಷ್ಯಾ ಕಪ್‌ನ ಕಂಚು ತಂದಿತು. ಅವರಿಗೂ ಮೊದಲು ಬೇಕಿದ್ದುದು ಪೆಂಬ್ರೋಕ್‌ನ ಹುಡುಗಿಯರಿಗೆ ಬೇಕಿದ್ದುದೇ: ಆಡಲು ಒಂದಿಷ್ಟು ಮಂಜುಗಡ್ಡೆ, ಒಂದಿಷ್ಟು ಹೊತ್ತು.

ಪೆಂಬ್ರೋಕ್ ಎಂಬ ಕಾಲೇಜು ಈಗಿಲ್ಲ. ಹೆಂಗಸರು ಹಣ ಕೂಡಿಸಿ ಕಟ್ಟಿಸಿದ ಕಟ್ಟಡದ ಮೇಲೆ ಆ ಹೆಸರು ಉಳಿದಿದೆ. ಪಾಂಡಾಗಳೂ ಇಲ್ಲ; ಇಂದು ಮೀಹನ್ ರಿಂಕಿಗೆ ಇಳಿಯುವ ಹುಡುಗಿಯರು ಬ್ರೌನ್‌ನ ಕರಡಿಗಳೇ. ಒಳಗಿರುವವರು ಯಾರೆಂಬುದನ್ನು ಆ ಕವಚ ಈಗ ಬಚ್ಚಿಡಬೇಕಾಗಿಲ್ಲ.