ಹಳೆಯ ಬಯೋಸಿಗೆ ಮರಳಲು ಹೋಗಿ ನಿಂತುಹೋದ ಲ್ಯಾಪ್‌ಟಾಪ್

ಕಳೆದ ಚಳಿಗಾಲದ ರಜೆಗೆ ಮನೆಗೆ ಬಂದಿದ್ದ ಮಗ ತನ್ನ ಗೇಮಿಂಗ್ ಲ್ಯಾಪ್‌ಟಾಪಿನ ಬಯೋಸನ್ನು ಹಿಂದಿನ ಆವೃತ್ತಿಗೆ ಇಳಿಸಲು ಹೋಗಿ, ರಾತ್ರಿ ಹನ್ನೊಂದರ ಸುಮಾರಿಗೆ ಅದನ್ನು ನನ್ನ ಮುಂದೆ ತಂದಿಟ್ಟ. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನುಗಳು ಭೋರ್ಗರೆಯುತ್ತಿದ್ದವು, ಪರದೆ ಮಾತ್ರ ಕಪ್ಪು. ಅವನ ಪದವಿಯ ಪ್ರೌಢಪ್ರಬಂಧದ ಏಕೈಕ ಪ್ರತಿ ಅದರೊಳಗಿತ್ತು. ನಾನು ವೈದ್ಯ, ಯಂತ್ರಜ್ಞನಲ್ಲ. ಆದರೂ ಪ್ರಜ್ಞೆಯಿಲ್ಲದ ರೋಗಿ ಎದುರಿಗಿರುವಾಗ ಮೊದಲು ಉಸಿರು, ನಾಡಿ ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ದೀಪವೂ ಫ್ಯಾನೂ ಇವೆಯೆಂದರೆ ಯಂತ್ರ ಇನ್ನೂ ಸತ್ತಿಲ್ಲ.

ಬಯೋಸ್ ಇರುವುದು ಮದರ್‌ಬೋರ್ಡಿನ ಮೇಲಿನ ಎಂಟು ಕಾಲುಗಳ ಪುಟ್ಟ ಫ್ಲ್ಯಾಶ್ ಚಿಪ್ಪಿನಲ್ಲಿ. ಅದರ ಗಾತ್ರ ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟ್. ಹಿಂದಕ್ಕೆ ಹೋಗುವ ಆಸೆ ಹುಡುಗರಿಗೇಕೆ? ಬಹುಮಟ್ಟಿಗೆ ಶಾಖದ ದೆಸೆಯಿಂದ. ಪ್ರೊಸೆಸರಿನ ವೋಲ್ಟೇಜನ್ನು ತುಸು ತಗ್ಗಿಸಿ ಲ್ಯಾಪ್‌ಟಾಪನ್ನು ತಂಪಾಗಿಡುವುದು ಅವರಲ್ಲಿ ರೂಢಿಯಾಗಿತ್ತು. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ಸೌಲಭ್ಯವನ್ನು ಬಳಸಿ ಇಂಟೆಲ್ ಪ್ರೊಸೆಸರಿನ ರಕ್ಷಿತ ಭಾಗದ ಲೆಕ್ಕಗಳನ್ನು ಕೆಡಿಸಿ ಗುಟ್ಟುಗಳನ್ನು ಹೊರಗೆಳೆಯಬಹುದೆಂದು ತೋರಿಸಿದರು. ಪ್ಲಂಡರ್‌ವೋಲ್ಟ್ ಎಂಬುದು ಆ ದಾಳಿಯ ಹೆಸರು. ತರುವಾಯ ಬಂದ ಬಯೋಸ್ ಅಪ್‌ಡೇಟುಗಳು ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಸೌಲಭ್ಯಕ್ಕೆ ಬೀಗ ಹಾಕಿದವು.

ಹಳೆಯದಕ್ಕೆ ಮರಳಿದರೆ ಹಳೆಯ ಲೋಪಗಳೂ ಮರಳುತ್ತವೆ. ಆದ್ದರಿಂದ ತಯಾರಕರು ಆ ಬಾಗಿಲನ್ನೇ ಮುಚ್ಚುತ್ತಾರೆ. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಅಸಂಖ್ಯ ಕಂಪ್ಯೂಟರುಗಳ ಬಯೋಸನ್ನು ಅಳಿಸಿಹಾಕಿದ್ದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಯಂತ್ರವು “ಈ ಆವೃತ್ತಿ ಹಳೆಯದು, ಹಾಕಲಾರೆ” ಎಂದು ನಿರಾಕರಿಸಿದರೆ ನಷ್ಟವೇನೂ ಇಲ್ಲ, ಏನೂ ಅಳಿದಿರುವುದಿಲ್ಲ. ಅಪಾಯವಿರುವುದು ಆ ನಿರಾಕರಣೆಯನ್ನು ದಾಟಲು ಬಳಸುವ ಅಡ್ಡದಾರಿಗಳಲ್ಲಿ. ಆಗ ಬಯೋಸ್ ಹಳೆಯದಾಗಿ, ಕೀಲಿಮಣೆ, ಫ್ಯಾನು, ಬ್ಯಾಟರಿಗಳನ್ನು ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರಿನ ಫರ್ಮ್‌ವೇರ್ ಹೊಸದಾಗಿಯೇ ಉಳಿದು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದಂತಾಗಬಹುದು. ಅಥವಾ ಬರವಣಿಗೆ ಅರ್ಧದಲ್ಲೇ ನಿಲ್ಲಬಹುದು.

ಮೊದಲ ಚಿಕಿತ್ಸೆ ಕಾಯುವುದು. ಡಿಡಿಆರ್5 ಮೆಮೊರಿಯಿರುವ ಯಂತ್ರಗಳು ಬಯೋಸ್ ಬದಲಾದ ಮೇಲೆ ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಲು ಹಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ಗಾಬರಿಯಿಂದ ಗುಂಡಿ ಒತ್ತಿ ಕೆಡಿಸಿಕೊಂಡವರುಂಟು. ಅರ್ಧ ಗಂಟೆ ಕಾದರೂ ಬದಲಾವಣೆಯಿಲ್ಲದಿದ್ದರೆ ಅಡಾಪ್ಟರ್ ತೆಗೆದು ಪವರ್ ಗುಂಡಿಯನ್ನು ಒಂದು ನಿಮಿಷ ಒತ್ತಿಹಿಡಿದು, ಉಳಿದ ವಿದ್ಯುತ್ತನ್ನು ಬರಿದುಮಾಡಿ ಮತ್ತೆ ನೋಡಬೇಕು. ಹೊರಗಿನ ಮಾನಿಟರ್ ಜೋಡಿಸಿ ನೋಡುವುದೂ ಒಳ್ಳೆಯದು.

ಆಮೇಲಿನದು ರಿಕವರಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ಚಿಪ್ಪಿನ ಒಂದು ಸಣ್ಣ ಭಾಗ ಉಳಿದೆಲ್ಲ ಅಳಿದರೂ ಉಳಿಯುವಂತೆ ಪ್ರತ್ಯೇಕವಾಗಿರುತ್ತದೆ. ಅದು ಪೆನ್‌ಡ್ರೈವಿನಿಂದ ಬಯೋಸನ್ನು ಓದಿಕೊಳ್ಳಬಲ್ಲದು. ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿರಬೇಕು, ಕಡತದ ಹೆಸರು ತಯಾರಕರು ಹೇಳಿದಂತೆ ಅಕ್ಷರಶಃ ಇರಬೇಕು. ಎಚ್‌ಪಿ ಯಂತ್ರಗಳಲ್ಲಿ ವಿಂಡೋಸ್ ಕೀಲಿ ಮತ್ತು ಬಿ ಒತ್ತಿಹಿಡಿದು ಪವರ್ ಗುಂಡಿ ಒತ್ತುವುದು, ಡೆಲ್ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿಹಿಡಿದು ಅಡಾಪ್ಟರ್ ಚುಚ್ಚುವುದು ವಾಡಿಕೆ. ಉಳಿದವುಗಳಿಗೆ ಆಯಾ ಮಾದರಿಯ ಕೈಪಿಡಿ ನೋಡಬೇಕು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಅರ್ಧಕ್ಕೆ ನಿಂತ ಹಳೆಯ ಆವೃತ್ತಿಯನ್ನೇ ಪೂರ್ತಿಮಾಡಲು ಹೊರಡುತ್ತಾರೆ. ಹಾಕಬೇಕಾದದ್ದು ಯಂತ್ರ ಒಪ್ಪುವ ಇತ್ತೀಚಿನ ಆವೃತ್ತಿಯನ್ನು.

ಇದೂ ಫಲಿಸದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ “ಚಿಪ್ ಲೆವೆಲ್ ಸರ್ವಿಸ್” ಎಂದು ಫಲಕ ಹಾಕಿಕೊಂಡವರು ಮಾಡುವುದು ಇಂಥ ಕೆಲಸ. ಬ್ಯಾಟರಿ ಬಿಡಿಸಿ, ಚಿಪ್ಪಿಗೆ ಕ್ಲಿಪ್ ಹಾಕಿ, ಪ್ರೋಗ್ರಾಮರ್ ಎಂಬ ಸಾಧನದಿಂದ ನೇರವಾಗಿ ಬರೆಯುತ್ತಾರೆ. ಮನೆಯಲ್ಲೇ ಮಾಡಹೊರಡುವವರು ಚಿಪ್ 3.3 ವೋಲ್ಟಿನದೋ 1.8 ವೋಲ್ಟಿನದೋ ಎಂದು ಮೊದಲು ಓದಿಕೊಳ್ಳಬೇಕು. ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರಿನ ಸಂಕೇತ ತಂತಿಗಳಲ್ಲಿ 5 ವೋಲ್ಟ್ ಹರಿಯುವುದುಂಟು, ಇದು ಚಿಪ್ಪನ್ನೇ ಕೊಲ್ಲಬಹುದು. ಹಾಳಾಗಿದ್ದರೂ ಸರಿ, ಈಗಿರುವುದನ್ನು ಎರಡು ಸಲ ಓದಿ, ಎರಡೂ ಒಂದೇ ಇವೆಯೆಂದು ತಾಳೆ ನೋಡಿ ಉಳಿಸಿಕೊಳ್ಳಬೇಕು. ಸೀರಿಯಲ್ ಸಂಖ್ಯೆ, ವಿಂಡೋಸ್ ಕೀಲಿ ಮೊದಲಾದವು ಅದರಲ್ಲೇ ಇರುತ್ತವೆ. ಬೇರೆಯವರ ಯಂತ್ರದ ನಕಲನ್ನು ಹಾಗೆಯೇ ತುಂಬಿದರೆ ಅವರ ಗುರುತು ನಿಮ್ಮದಾಗುತ್ತದೆ.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಕಡತದ ಹೆಸರು ತಿದ್ದಿದ ಮೇಲೆ ಮೂರನೆಯ ಪ್ರಯತ್ನಕ್ಕೆ ಪೆನ್‌ಡ್ರೈವಿನ ದೀಪ ಮಿನುಗಿತು, ಯಂತ್ರ ತಾನಾಗಿಯೇ ಎರಡು ಸಲ ಆರಿ ಹತ್ತಿತು. ಬಂದದ್ದು ಮಾತ್ರ ನೀಲಿ ಪರದೆ: ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀ ಕೊಡಿ ಎಂದು. ಫರ್ಮ್‌ವೇರ್ ಬದಲಾದುದನ್ನು ಟಿಪಿಎಂ ಗುರುತಿಸಿದಾಗ ಡಿಸ್ಕು ಹೀಗೆ ಬಾಗಿಲು ಹಾಕಿಕೊಳ್ಳುತ್ತದೆ. ಬಳಕೆದಾರನಿಗೆ ತಿಳಿಯದೆಯೇ ಈ ಬೀಗ ಬಿದ್ದಿರುವ ಯಂತ್ರಗಳು ಈಗ ಬಹಳ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಅದೇ ಕೀ ಬೇಕು, ಅದಿಲ್ಲದಿದ್ದರೆ ಒಳಗಿನದೆಲ್ಲ ಹೋದಂತೆಯೇ. ಪುಣ್ಯವಶಾತ್ ಅದು ಮಗನ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು. ಬಯೋಸ್ ಮುಟ್ಟುವ ಮುನ್ನ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದಿದ್ದರೆ ಆ ರಾತ್ರಿಯ ಅರ್ಧ ಆತಂಕ ಇರುತ್ತಿರಲಿಲ್ಲ.

“ಅಪ್ಪಾ, ಹಳೆಯದನ್ನು ಇನ್ನೊಂದು ಸಲ ಹಾಕಿ ನೋಡಲೇ?” ಎಂದ. ಪ್ರೌಢಪ್ರಬಂಧ ಬೇರೆ ಡಿಸ್ಕಿಗೆ ನಕಲಾಗುವವರೆಗೆ ನಾನು ಉತ್ತರಿಸಲಿಲ್ಲ. ಮರುದಿನ ಹಿಂಬದಿಯ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಜಾಲರಿಯಲ್ಲಿ ಎರಡು ವರ್ಷದ ಧೂಳು ಹತ್ತಿಯಂತೆ ಕುಳಿತಿತ್ತು. ಅದನ್ನು ತೆಗೆದ ಮೇಲೆ ಲ್ಯಾಪ್‌ಟಾಪು ಹೊಸ ಬಯೋಸಿನಲ್ಲಿಯೂ ತಂಪಾಗಿಯೇ ನಡೆಯುತ್ತಿದೆ.