ಬಿಡೆಯಿಲ್ಲದೆ ಒಂದು ಮಾತು

“ಡಾಕ್ಟ್ರಮ್ಮ, ಆ ಪೈಪಿನ ನೀರಿನಿಂದಲೇ ನನಗೆ ಹೀಗಾಗುತ್ತಿದೆಯೇ?” ಎಂದು ದನಿ ತಗ್ಗಿಸಿ ಕೇಳಿದವರು ಒಬ್ಬ ಶಾಲಾ ಶಿಕ್ಷಕಿ. ಅವರ ಮನೆಯ ಶೌಚಾಲಯಕ್ಕೆ ಹೊಸದಾಗಿ ಜೆಟ್ ಸ್ಪ್ರೇ ಬಂದಿತ್ತು. ಒಂದೇ ವರ್ಷದಲ್ಲಿ ಮೂರನೆಯ ಸಲ ಉರಿಮೂತ್ರವೂ ಬಂದಿತ್ತು. ಎರಡಕ್ಕೂ ಅವರು ಗಂಟು ಹಾಕಿದ್ದರು.

ಮೂತ್ರದ ಸೋಂಕಿಗೆ ಬಹುಮಟ್ಟಿಗೆ ಕಾರಣ ಈ. ಕೊಲೈ ಎಂಬ ಬ್ಯಾಕ್ಟೀರಿಯ. 1885ರಲ್ಲಿ ಜರ್ಮನ್ ಮಕ್ಕಳ ವೈದ್ಯ ಥಿಯೋಡೋರ್ ಎಶರಿಶ್ ಇದನ್ನು ಮೊದಲು ವರ್ಣಿಸಿದ. ಕರುಳಿನಲ್ಲಿ ಇದು ಸಾಮಾನ್ಯವಾಗಿ ನಿರುಪದ್ರವಿಯಾದ ಒಕ್ಕಲು. ಮೂತ್ರಕೋಶಕ್ಕೆ ನುಗ್ಗಿದಾಗಲೇ ಉಪದ್ರವ. ಮೂತ್ರ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ. ಹೆಂಗಸರಲ್ಲಿ ಸುಮಾರು 4 ಮಾತ್ರ. ಅದರ ಬಾಯಿಯೂ ಗುದದ್ವಾರಕ್ಕೆ ಹತ್ತಿರ. ಈ ಬೇನೆ ಹೆಂಗಸರನ್ನೇ ಹೆಚ್ಚಾಗಿ ಕಾಡುವುದು ಕೊಳಕಿನಿಂದಲ್ಲ, ದೇಹದ ಈ ರಚನೆಯಿಂದ. ಈ ಒಂದು ಮಾತನ್ನು ಹೇಳಿದಾಗ ಎಷ್ಟೋ ಮುಖಗಳು ಹಗುರಾದುದನ್ನು ನಾನು ಕಂಡಿದ್ದೇನೆ.

ನೀರಿನಿಂದ ತೊಳೆಯುವುದು ಚೊಂಬಿನ ಕಾಲದಿಂದಲೂ ನಮಗೆ ರೂಢಿ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಇದಕ್ಕೆಂದೇ ಒಂದು ಪೀಠ ಬಳಕೆಗೆ ಬಂದಿತು. ಅದರ ಹೆಸರು ಬಿಡೆ, ಎಂದರೆ ತಟ್ಟುಕುದುರೆ. ಕುದುರೆಯ ಮೇಲೆ ಕೂತಂತೆ ಅದರ ಮೇಲೆ ಕೂರಬೇಕು. ಕನ್ನಡದಲ್ಲಿ ಬಿಡೆ ಎಂದರೆ ಸಂಕೋಚ. ಈ ಆಕಸ್ಮಿಕಕ್ಕೆ ನಾನು ಪ್ರತಿ ಸಲವೂ ನಗುತ್ತೇನೆ.

1980ರಲ್ಲಿ ಜಪಾನಿನ ಟೋಟೋ ಕಂಪನಿ ಆಸನದಿಂದಲೇ ನೀರು ಚಿಮ್ಮಿಸುವ ವಾಶ್‌ಲೆಟ್ಟನ್ನು ಮಾರುಕಟ್ಟೆಗೆ ತಂದಿತು. ಅದು ಮನೆಮನೆಗೂ ಹಬ್ಬಿದ ಮೇಲೆ ನಮ್ಮ ಶಿಕ್ಷಕಿಯ ಪ್ರಶ್ನೆಯನ್ನೇ ಅಲ್ಲಿಯ ವೈದ್ಯರೂ ಕೇಳಿದರು. 2010ರ ಒಂದು ಅಧ್ಯಯನದಲ್ಲಿ, ಇದನ್ನು ನಿತ್ಯ ಬಳಸುವ ಹಲವು ಹೆಂಗಸರ ಯೋನಿಯಲ್ಲಿ ಕಾವಲಿಗಿರಬೇಕಾದ ಲ್ಯಾಕ್ಟೋಬ್ಯಾಸಿಲಸ್ ಜೀವಿಗಳೇ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಒಂದು ವರ್ಷದ ಸಮೀಕ್ಷೆಯಾದರೋ, ತೊಂದರೆಯಿದ್ದವರೇ ಇದರ ಮೊರೆಹೋಗಿರಬಹುದೆಂದು ಸೂಚಿಸಿತು. ಆದ್ದರಿಂದ ನೀರನ್ನು ಅಪರಾಧಿಯೆನ್ನಲಾರೆ. ಅತಿಯಾಗಿ ತೊಳೆಯುವುದನ್ನು ಹೊಗಳಲೂ ಆರೆ. ನೀರು ಮುಂದಿನಿಂದ ಹಿಂದಕ್ಕೆ, ಮೆಲ್ಲಗೆ ಹರಿಯಲಿ. ರಭಸದ ಧಾರೆ ಬೇಡ. ಒಳಭಾಗಕ್ಕೆ ನೀರೂ ಬೇಡ, ಸೋಪೂ ಬೇಡ.

ಆ ಶಿಕ್ಷಕಿಯ ದಿನಚರಿಯನ್ನು ವಿಚಾರಿಸಿದೆ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅವರು ಹನಿ ನೀರನ್ನೂ ಕುಡಿಯುತ್ತಿರಲಿಲ್ಲ, ಕುಡಿದರೆ ಹೋಗಬೇಕಾಗುತ್ತದಲ್ಲ! ಮೂತ್ರವು ಹರಿದಾಗ ಬ್ಯಾಕ್ಟೀರಿಯವೂ ಕೊಚ್ಚಿಹೋಗುತ್ತದೆ; ಕಟ್ಟಿ ನಿಂತರೆ ಅದು ಬೆಳೆಯುತ್ತದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಿದ್ದರು. ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಸಿದರು. ವರ್ಷದಲ್ಲಿ ಉಳಿದವರಿಗೆ ಸರಾಸರಿ 3.2 ಸಲ ಸೋಂಕಾದರೆ, ಇವರಿಗೆ 1.7 ಸಲ.

ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಬಾರ್ಲಿ ನೀರನ್ನು ನಂಬಿ ಕೂರಬಾರದು. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಗರ್ಭಿಣಿಯರಂತೂ ಸಣ್ಣ ಉರಿಗೂ ವೈದ್ಯರನ್ನು ಕಾಣಬೇಕು.

ಆಕೆಗೆ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಕೆಳಗೆ “ಶಾಲೆಗೆ ಚಿಲಕ, ನೀರು” ಎಂದೂ ಬರೆದೆ. ಅದನ್ನವರು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರಂತೆ. ಎರಡು ವಾರದಲ್ಲಿ ಚಿಲಕ ಬಂತು. ನಲ್ಲಿಗೆ ನೀರು ಇನ್ನೂ ಬಂದಿಲ್ಲ.